ಜುಬ್ಬಾ ಜೇಬಿನ ಅಳತೆ

ನನ್ನ ಜುಬ್ಬಾಗಳ ಬಲಗಡೆ ಜೇಬು ಎಡಗಡೆಯದಕ್ಕಿಂತ ದೊಡ್ಡದು. ದರ್ಜಿಯ ಕೈತಪ್ಪಲ್ಲ, ನಾನೇ ಹೇಳಿ ಹೊಲಿಸುವುದು. ಒಂದು ಗೇಣು ಆಳ, ಒಳಗೆ ಗಟ್ಟಿ ಬಟ್ಟೆಯ ಅಸ್ತರಿ, ಬಾಯಿಗೆ ಎರಡೆರಡು ಹೊಲಿಗೆ. "ಇದರಲ್ಲಿ ಏನಿಡ್ತೀರಿ ಸಾರ್, ತೆಂಗಿನಕಾಯಾ?" ಎಂದು ದರ್ಜಿ ಒಮ್ಮೆ ಕೇಳಿದ. "ಕಂಪ್ಯೂಟರು" ಎಂದೆ. ಟೇಪನ್ನು ಕುತ್ತಿಗೆಗೆ ಹಾಕಿಕೊಂಡು, ಹಳೆಯ ಗಿರಾಕಿಯ ಮಾತಿಗೆ ಎಷ್ಟು ನಗಬೇಕೋ ಅಷ್ಟು ನಕ್ಕ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವುದು ನಮ್ಮ ಮನೆಯಲ್ಲಿ ಈ ಜೇಬಿಗೆ ಇಟ್ಟ ಹೆಸರು. ಒಗೆಯುವಾಗ ಹೆಂಡತಿ ಆ ಕುಲಾವಿಯೊಳಗಿಂದ ಬಸ್ ಟಿಕೆಟ್ಟು, ಅಡಿಕೆ ಚೂರು, ಮುಚ್ಚಳ ಕಳೆದ ಪೆನ್ನು ತೆಗೆದು ಕಟ್ಟೆಯ ಮೇಲೆ ಸಾಲಾಗಿ ಇಡುತ್ತಾಳೆ. ಮಾತಾಡುವುದಿಲ್ಲ. ಸಾಲಾಗಿ ಇಡುತ್ತಾಳೆ, ಅಷ್ಟೆ.

ಈಗ ಕೂಸು ಹುಟ್ಟಿ ಅಮೆರಿಕದಲ್ಲಿ ಕೂತಿದೆ. ಸ್ಯಾನ್ ಹೊಸೆಯಲ್ಲಿರುವ ಅಕ್ಕನ ಮಗ ಗೃಹಪ್ರವೇಶವೊಂದಕ್ಕೆ ಬರುವವನಿದ್ದಾನೆ. "ಮಾವ, ನೀವು ಯಾವಾಗಲೂ ಹೇಳ್ತಿದ್ರಲ್ಲ, ಆ ಪುಟಾಣಿ ಕಂಪ್ಯೂಟರು, ಸಿಕ್ಕಿದೆ. ಬೇಕಾದ್ರೆ ತರ್ತೀನಿ. ಶುಕ್ರವಾರದೊಳಗೆ ಹೇಳಿಬಿಡಿ" ಎಂದು ಫೋನು ಮಾಡಿದ. ಜಿಪಿಡಿ ಎಂಬ ಚೀನಾದ ಕಂಪನಿ 2017ರಲ್ಲಿ ಜನರಿಂದ ಮುಂಗಡ ಹಣ ಎತ್ತಿ 'ಪಾಕೆಟ್' ಎಂಬ ಯಂತ್ರ ಮಾಡಿತ್ತು. ಏಳಿಂಚಿನ ಪರದೆ, ಮಡಚುವ ಮುಚ್ಚಳ, ನಿಜವಾದ ಕೀಲಿಮಣೆ, ತೂಕ ಅರ್ಧ ಕಿಲೋಗಿಂತ ಕಡಿಮೆ, ಒಳಗೆ ಪೂರ್ತಿ ವಿಂಡೋಸು. ಅಳಿಯ ಹೇಳುತ್ತಿರುವುದು ಆ ವಂಶದ ಹೊಸ ಕುಡಿ. ಅದರ ಉದ್ದಗಲ ತರಿಸಿಕೊಂಡು ರಟ್ಟಿನಲ್ಲಿ ಕತ್ತರಿಸಿ ಜೇಬಿಗೆ ಇಳಿಸಿ ನೋಡಿದೆ. ಸಲೀಸಾಗಿ ಹೋಯಿತು. ಅಲ್ಲಿಂದ ಶುರುವಾಯಿತು ಕಷ್ಟ. ಇಷ್ಟು ವರ್ಷ ನನಗೆ 'ಬೇಕು' ಎನ್ನುವುದೊಂದೇ ಗೊತ್ತಿತ್ತು. 'ತಗೋ' ಎಂದು ಯಾರಾದರೂ ಅಂದಾರು ಎಂಬುದಕ್ಕೆ ನಾನು ಸಿದ್ಧನಾಗಿರಲಿಲ್ಲ.

ಈ ಹುಚ್ಚು ಹತ್ತಿದ್ದು ಒಂದು ಸಿನಿಮಾದಿಂದ. 1991ರ 'ಟರ್ಮಿನೇಟರ್ 2'. ಥಿಯೇಟರಿನ ತುಂಬ ಜನ ಶ್ವಾರ್ಜ್‌ನೆಗರ್‌ನ ತೋಳು ನೋಡುತ್ತಿದ್ದರೆ ನಾನು ಒಬ್ಬ ಹುಡುಗನ ಕೈಯನ್ನು ನೋಡುತ್ತಿದ್ದೆ. ಅವನು ಅಂಗೈಗಿಂತ ಸ್ವಲ್ಪ ದೊಡ್ಡದಾದ ಡಬ್ಬಿಯೊಂದನ್ನು ಬಿಚ್ಚಿ, ತಂತಿ ಸಿಕ್ಕಿಸಿ, ಎಟಿಎಂನಿಂದ ದುಡ್ಡು ಉದುರಿಸುತ್ತಾನೆ. ನಾನಿನ್ನೂ ಎಟಿಎಂ ಕಂಡಿರಲಿಲ್ಲ, ಹಾಗಾಗಿ ಕಳ್ಳತನ ತಲೆಗೆ ಹೋಗಲಿಲ್ಲ. ಹೋದದ್ದು ಡಬ್ಬಿ. ಅದು 1989ರಲ್ಲಿ ಬಂದ ಅಟಾರಿ ಪೋರ್ಟ್‌ಫೋಲಿಯೊ, ಟಾರ್ಚಿಗೆ ಹಾಕುವ ಸಣ್ಣ ಸೆಲ್ಲುಗಳಲ್ಲಿ ನಡೆಯುತ್ತದೆ ಎಂಬುದೆಲ್ಲ ಆಮೇಲೆ ತಿಳಿಯಿತು. ಸೆಲ್ಲಿನಲ್ಲಿ ನಡೆಯುವ ಕಂಪ್ಯೂಟರು! ದಿನಕ್ಕೆ ಮೂರು ಸಲ ಕರೆಂಟು ಹೋಗುತ್ತಿದ್ದ ಸಾಗರದ ನಮ್ಮ ಮನೆಯನ್ನು ನೆನೆದರೆ ಅದಕ್ಕಿಂತ ದೊಡ್ಡ ವಿಜ್ಞಾನ ಬೇರೆ ಇರಲಿಲ್ಲ.

ಕೆಲವು ವರ್ಷಗಳ ಮೇಲೆ ಆಫೀಸಿನ ಗೆಳೆಯರೊಬ್ಬರು ಲಂಡನ್ನಿನಿಂದ ಸಯಾನ್ ಸೀರೀಸ್ 5 ತಂದರು. 1997ರ ಯಂತ್ರ. ಮುಚ್ಚಳ ಎತ್ತಿದರೆ ಕೀಲಿಮಣೆ ತಾನಾಗಿ ಮುಂದಕ್ಕೆ ಜಾರಿ ಬರುತ್ತಿತ್ತು, ಪರದೆ ಹಿಂದಕ್ಕೆ ಒರಗುತ್ತಿತ್ತು. ಆ ಕೀಲು ಮಾಡಿದ ಮಾರ್ಟಿನ್ ರಿಡಿಫೋರ್ಡ್ ಎಂಬ ವಿನ್ಯಾಸಕಾರನಿಗೆ ನಾನು ಮನಸ್ಸಿನಲ್ಲೇ ಶಾಲು ಹೊದೆಸಿದ್ದೇನೆ. ಅದೇ ಮನುಷ್ಯ ಇಪ್ಪತ್ತು ವರ್ಷ ಬಿಟ್ಟು ಜೆಮಿನಿ ಎಂಬ ಯಂತ್ರಕ್ಕೆ ಹೆಚ್ಚುಕಡಿಮೆ ಅದೇ ಕೀಲಿಮಣೆಯನ್ನು ಮತ್ತೆ ಮಾಡಿದ ಎಂದರೆ, ಈ ಹುಚ್ಚಿನವರು ನಾನೊಬ್ಬನೇ ಅಲ್ಲ ಎಂದಾಯಿತು. ಗೆಳೆಯರು ಅದರಲ್ಲಿ ವಿಳಾಸ, ಖರ್ಚು, ದಿನಚರಿ ಬರೆದುಕೊಳ್ಳುತ್ತಿದ್ದರು. ನಾನು ಬಿಚ್ಚಿ, ಮುಚ್ಚಿ, ಮತ್ತೆ ಬಿಚ್ಚಿ, ಕೊನೆಗೆ ಕೇಳಿದೆ: "ಕನ್ನಡ ಬರುತ್ತಾ?"

ಅವರು ನನ್ನನ್ನು ನೋಡಿದ ರೀತಿಯಲ್ಲೇ ಉತ್ತರವಿತ್ತು. ಬೆಂಗಳೂರಿನಲ್ಲಿ ಮನುಷ್ಯರನ್ನು ಕೇಳಲು ಹಿಂಜರಿಯುವ ಈ ಪ್ರಶ್ನೆಯನ್ನು ಆವತ್ತಿನಿಂದ ನಾನು ಯಂತ್ರಗಳಿಗೆ ನಿಸ್ಸಂಕೋಚವಾಗಿ ಕೇಳುತ್ತ ಬಂದೆ. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ, ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನ ಇಕ್ಕಟ್ಟಿನ ಮಳಿಗೆಗಳಲ್ಲಿ, ಗಾಜಿನ ಹಿಂದೆ ಏನಾದರೂ ಸಣ್ಣದಾಗಿ ಮಡಚಿಕೊಂಡು ಕೂತಿದ್ದರೆ ಒಳಗೆ ಹೋಗುವುದು, ಬೆಲೆ ಕೇಳುವ ಮೊದಲು ಇದನ್ನು ಕೇಳುವುದು. "ಬರುತ್ತೆ ಸಾರ್, ಎಲ್ಲಾ ಬರುತ್ತೆ" ಎನ್ನುತ್ತಿದ್ದರು. ಎಲ್ಲಾ ಬರುತ್ತಿತ್ತು, ಕನ್ನಡ ಒಂದು ಬಿಟ್ಟು. ಯುನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು, ಅದೂ 1991ರಲ್ಲೇ. ಸ್ಥಾನ ಸಿಕ್ಕಿದ್ದಕ್ಕೂ ಒತ್ತಕ್ಷರ ಪರದೆಯ ಮೇಲೆ ನೆಟ್ಟಗೆ ನಿಂತದ್ದಕ್ಕೂ ನಡುವೆ ನನ್ನ ಪ್ರಾಯ ಕಳೆಯಿತು. ಮೇಜಿನ ಕಂಪ್ಯೂಟರಿನಲ್ಲಿ 'ಬರಹ' ಎಂಬ ತಂತ್ರಾಂಶ ಬಂತು, 'ನುಡಿ' ಬಂತು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಹೇಗೋ ಕೆಲಸ ಸಾಗಿಸಿದವು. ಆದರೆ ಅಂಗೈ ಯಂತ್ರಗಳಲ್ಲಿ ಆ ಫಾಂಟು ಹಾಕಲು ದಾರಿಯಿರಲಿಲ್ಲ. ಕಷ್ಟಪಟ್ಟು ಕಡತ ಸಾಗಿಸಿದರೂ 'ಕೃಷ್ಣ' ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಹಿಂಡು ಬಂದು ನಿಲ್ಲುತ್ತಿತ್ತು.

ಆ ಪ್ರಶ್ನೆಗೆ ನಿಜವಾಗಿ 'ಬರುತ್ತೆ' ಎಂದ ಮೊದಲ ಕೈಗಣಕವನ್ನು ನಾನು ಕಂಡದ್ದು ಬೆಂಗಳೂರಿನಲ್ಲೇ, ಅದು ಹುಟ್ಟಿದ್ದೂ ಬೆಂಗಳೂರಿನಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ಪ್ರಾಧ್ಯಾಪಕರು ಎನ್‌ಕೋರ್ ಎಂಬ ಕಂಪನಿಯವರ ಜತೆ ಸೇರಿ ಮಾಡಿದ ಸಿಂಪ್ಯೂಟರ್. 2001ರಲ್ಲಿ ಅದರ ಮಾದರಿ ಹೊರಬಂದಾಗ ಪತ್ರಿಕೆಗಳ ತುಂಬ ಅದೇ ಸುದ್ದಿ. ಓದು ಬಾರದವರಿಗೆ ಕಂಪ್ಯೂಟರೇ ಓದಿ ಹೇಳಬೇಕು, ಅದೂ ಅವರ ಭಾಷೆಯಲ್ಲಿ. ಒಬ್ಬೊಬ್ಬರೂ ಕೊಳ್ಳಲಾಗದಿದ್ದರೆ ಊರಿಗೆ ಒಂದಿರಲಿ, ಪ್ರತಿಯೊಬ್ಬರ ಹತ್ತಿರ ಅವರವರ ಸ್ಮಾರ್ಟ್‌ಕಾರ್ಡ್ ಇರಲಿ. ಕಾರ್ಡು ಸಿಕ್ಕಿಸಿದರೆ ಅಷ್ಟು ಹೊತ್ತಿಗೆ ಯಂತ್ರ ಅವರದು. ಬೆಲೆ ಒಂಬತ್ತು ಸಾವಿರದ ಆಸುಪಾಸು ಇರಬೇಕೆಂಬ ಗುರಿ. 2004ರಲ್ಲಿ 'ಅಮಿಡಾ' ಎಂಬ ಹೆಸರಿನಲ್ಲಿ ಅದು ಅಂಗಡಿಗೆ ಬಂತು. ತಯಾರಿಸಿದ್ದು ನಮ್ಮ ಬಿಇಎಲ್. ಕಪ್ಪು-ಬಿಳುಪು ಪರದೆಯದು ಹತ್ತು ಸಾವಿರದ ಹತ್ತಿರ, ಬಣ್ಣದ್ದು ಇಪ್ಪತ್ತರ ಹತ್ತಿರ. ಕೈಯಲ್ಲಿ ಹಿಡಿದು ವಾಲಿಸಿದರೆ ಪುಟ ಮಗುಚುತ್ತಿತ್ತು. ಐಫೋನು ಹುಟ್ಟಲು ಇನ್ನೂ ಮೂರು ವರ್ಷವಿತ್ತು.

ಅದನ್ನು ಕೈಗೆ ತೆಗೆದುಕೊಂಡು ವಾಲಿಸಿದ ನೆನಪು ಈಗಲೂ ಮಣಿಕಟ್ಟಿನಲ್ಲಿದೆ. ಮಿಕ್ಕೆಲ್ಲ ಯಂತ್ರಗಳನ್ನು ಮಾಡಿ ಮುಗಿಸಿದ ಮೇಲೆ, ಓಹೋ ಕನ್ನಡ ಅಂತೊಂದಿದೆಯಂತೆ ಎಂದು ಯಾರಿಗಾದರೂ ನೆನಪಾಗುತ್ತಿತ್ತು. ಇದೊಂದರಲ್ಲಿ ಮಾತ್ರ ಭಾಷೆಯನ್ನು ಮೊದಲು ಯೋಚಿಸಿ ಆಮೇಲೆ ಡಬ್ಬಿ ಮಾಡಿದ್ದರು. ಆದರೆ ಕೀಲಿಮಣೆ ಇರಲಿಲ್ಲ. ಕಡ್ಡಿಯಿಂದ ಪರದೆಯ ಮೇಲೆ ಚುಚ್ಚಬೇಕು, ಗೀಚಬೇಕು. ಪಹಣಿ ನೋಡುವ ರೈತನಿಗೆ, ಬೆಲೆ ಕೇಳುವ ವ್ಯಾಪಾರಿಗೆ ಅದು ಸಾಕು. ಅವರಿಗಾಗಿಯೇ ಮಾಡಿದ್ದು ಕೂಡ. ಗೇಣುದ್ದ ವಾಕ್ಯ ಬರೆದು, ಹೊಡೆದುಹಾಕಿ, ಮತ್ತೆ ಬರೆಯುವವನು ಅವರ ಲೆಕ್ಕದಲ್ಲಿ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ಸಿಂಪ್ಯೂಟರನ್ನು ಹೊಗಳಿದವರು ಲಕ್ಷ ಜನ, ಕೊಂಡವರು ಕೆಲವು ಸಾವಿರ. ನಾನು ಲಕ್ಷದಲ್ಲಿ ಒಬ್ಬ.

ಇಷ್ಟೆಲ್ಲ ಒದ್ದಾಡಿ ಬರೆಯಬೇಕಾದದ್ದು ಏನಿತ್ತು ಎಂದು ನೀವು ಕೇಳಬಹುದು. ಹೆಂಡತಿ ಕೇಳಿದ್ದಾಳೆ. ಇತ್ತು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಮೀಟರ್‌ಗೇಜ್ ಹಳಿಯ ಮೇಲೆ ಒಂದು ರೈಲುಬಸ್ಸು ಓಡುತ್ತಿತ್ತು. ರೈಲೂ ಅಲ್ಲದ, ಬಸ್ಸೂ ಅಲ್ಲದ ಒಂಟಿ ಗಾಡಿ. ಕುಂಸಿ, ಅರಸಾಳು, ಆನಂದಪುರ, ಸಾಗರ ಎಂದು ಕಾಡಿನ ನಡುವೆ ಯಾವ ಅವಸರವೂ ಇಲ್ಲದೆ ಹೋಗುತ್ತಿತ್ತು. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ತೆಗೆಯುವಾಗ ಮಾಲ್ಗುಡಿಯ ಸ್ಟೇಷನ್ ಆದದ್ದು ಇದೇ ದಾರಿಯ ಅರಸಾಳು. ಆ ಬಸ್ಸಿನಲ್ಲಿ ಅನಾನಸಿನ ಬುಟ್ಟಿ, ಕಾಲೇಜು ಹುಡುಗಿಯರು, ಕೋರ್ಟಿಗೆ ಹೋಗುವ ದಾಯಾದಿಗಳು ಎದುರುಬದುರು ಕೂತು ಒಂದೇ ಕವಳದ ಸಂಚಿಯಿಂದ ಎಲೆಯಡಿಕೆ ಹಾಕುವುದು, ಎಲ್ಲವೂ ಇತ್ತು. ಕಿಟಕಿ ಪಕ್ಕ ಕೂತು, ಕಂಡದ್ದನ್ನು ಕಂಡಲ್ಲೇ ಬರೆದು, ತಾಳಗುಪ್ಪದಲ್ಲಿ ಇಳಿಯುವಾಗ ಒಂದು ಅಧ್ಯಾಯ ಜೇಬಿನಲ್ಲಿರಬೇಕು ಎನ್ನುವುದು ನನ್ನ ಯೋಜನೆ. ಅದಕ್ಕೆ ಬೇಕಾದದ್ದು ತೊಡೆಯ ಮೇಲೆ ಕೂರುವ, ಪಕ್ಕದವರ ಮೊಣಕೈಗೆ ತಾಗದ, ಕನ್ನಡ ಬಲ್ಲ ಸಣ್ಣ ಗಣಕ.

"ಪೆನ್ನು ಇತ್ತಲ್ಲ?" ಎನ್ನುತ್ತಾಳೆ ಅವಳು. ಇತ್ತು. ವರ್ಷ ವರ್ಷ ಬ್ಯಾಂಕಿನವರು, ವಿಮೆಯವರು ಕೊಟ್ಟ ಡೈರಿಗಳು ಅಟ್ಟದ ಮೇಲೆ ಮುಟ್ಟದ ಹಾಳೆಗಳೊಡನೆ ಇವೆ. ಆದರೆ ಆ ರೈಲುಬಸ್ಸಿನ ಕುಲುಕಾಟದಲ್ಲಿ ನಾನು ಬರೆದ ಅಕ್ಷರವನ್ನು ಮನೆಗೆ ಬಂದು ನಾನೇ ಓದಲಾರೆ. ಈ ವಾದದಲ್ಲಿ ಒಂದು ತೂತು ಇದೆ ಎಂದು ನನಗೂ ಗೊತ್ತು. ಕುಲುಕಾಟದಲ್ಲಿ ಸಣ್ಣ ಕೀಲಿ ಒತ್ತುವುದು ಪೆನ್ನು ಹಿಡಿಯುವುದಕ್ಕಿಂತ ಕಷ್ಟ. ಅವಳಿಗೆ ಅದಿನ್ನೂ ಹೊಳೆದಿಲ್ಲ. ಈ ಪ್ರಬಂಧ ಓದಿದರೆ ಹೊಳೆಯುತ್ತದೆ.

2007ರ ಕೊನೆಗೆ ಆಸುಸ್‌ನವರ ಈಪಿಸಿ ಬಂದಾಗ ಬಂತಪ್ಪಾ ಎನಿಸಿತು. ಏಳಿಂಚಿನ ಪರದೆ, ಕಿಲೋಗಿಂತ ಕಡಿಮೆ ತೂಕ, ಲಿನಕ್ಸ್. ಸ್ವಲ್ಪ ತಿಣುಕಿದರೆ ಕನ್ನಡವೂ. ಬರೆಯುವ ಜಾಗ 800 ಚುಕ್ಕಿ ಅಗಲ, 480 ಚುಕ್ಕಿ ಎತ್ತರ. ಇಂಗ್ಲಿಷಿನವರಿಗೆ ಅದು ಸಾಕು. ನಮ್ಮ ಲಿಪಿಗೆ ತಲೆಯ ಮೇಲೆ ಗುಡಿಸು, ಕಾಲ ಕೆಳಗೆ ಒತ್ತು. ಎರಡು ಸಾಲು ಒಂದಕ್ಕೊಂದು ತಾಗದಿರಬೇಕಾದರೆ ನಡುವೆ ಧಾರಾಳ ಜಾಗ ಬಿಡಬೇಕು. ಮೇಲೆ ಪಟ್ಟಿ, ಕೆಳಗೆ ಪಟ್ಟಿ ಕಳೆದು ಉಳಿದ ಕಿಂಡಿಯಲ್ಲಿ ವಾಕ್ಯದ ಕ್ರಿಯಾಪದ ಬರೆಯುವ ಹೊತ್ತಿಗೆ ಕರ್ತೃಪದ ಮೇಲೆ ಹೋಗಿ ಮಾಯವಾಗಿರುತ್ತದೆ. ನನ್ನ ವಾಕ್ಯಗಳ ಉದ್ದವೂ ಇದಕ್ಕೆ ಕಾರಣ ಎಂದು ಸಂಪಾದಕರೊಬ್ಬರು ಅಂದರು. ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ಮೂಡಿಗೆರೆಯಲ್ಲಿ ಕೂತು ತಲೆ ಕೆಡಿಸಿಕೊಂಡವರು. ಅದೇ ವರ್ಷ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು. ಈ ಡಬ್ಬಿ ಅವರ ಕೈಗೆ ಸಿಕ್ಕಿದ್ದರೆ ಬರೆಯುವ ಮೊದಲು ಸ್ಕ್ರೂಡ್ರೈವರ್ ಹಾಕುತ್ತಿದ್ದರು ಎಂದು ನನ್ನ ಊಹೆ.

2009ರಲ್ಲಿ ಸೋನಿಯ ವಯೋ-ಪಿ. ಜಾಹೀರಾತಿನಲ್ಲಿ ಹುಡುಗಿಯೊಬ್ಬಳ ಜೀನ್ಸ್ ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಅದನ್ನು ಸಿಕ್ಕಿಸಿದ್ದರು. ಕೂರುವಾಗ ಅವಳೇನು ಮಾಡುತ್ತಾಳೆ ಎಂಬ ಚಿಂತೆ ನನಗೆ ಬಂತೇ ಹೊರತು ಕೊಳ್ಳುವ ಧೈರ್ಯ ಬರಲಿಲ್ಲ. ಆಮೇಲೆ ಫೋನುಗಳು ದೊಡ್ಡವಾದವು, ಲ್ಯಾಪ್‌ಟಾಪುಗಳು ತೆಳ್ಳಗಾದವು, ನಡುವೆ ಇದ್ದ ನನ್ನ ಕೂಸಿನ ಜಾತಿಯೇ ಮಾರುಕಟ್ಟೆಯಿಂದ ಮರೆಯಾಯಿತು. 2011ಕ್ಕೆ ತಾಳಗುಪ್ಪಕ್ಕೆ ಬ್ರಾಡ್‌ಗೇಜ್ ಬಂತು. ಈಗ ಉದ್ದನೆಯ ರೈಲು ಬರುತ್ತದೆ, ಬೆಂಗಳೂರಿನಿಂದಲೇ, ರಾತ್ರಿ ಮಲಗಿದರೆ ಬೆಳಿಗ್ಗೆ ಊರು. ಕಂಡದ್ದನ್ನು ಬರೆಯೋಣವೆಂದರೆ ಕಾಣುವುದು ಮೇಲಿನ ಬರ್ತಿನ ತಳ. ಅರಸಾಳಿನ ಹಳೆಯ ಸ್ಟೇಷನ್ ಕಟ್ಟಡ ಮಾಲ್ಗುಡಿ ಮ್ಯೂಸಿಯಂ ಆಗಿದೆ.

ಫೋನಿನಲ್ಲಿ ಬರೆಯಬಾರದೇ ಎಂದು ಈಗ ಎಲ್ಲರೂ ಹೇಳುತ್ತಾರೆ. ಒಪ್ಪಿದೆ, ಅದರಲ್ಲಿ ಕನ್ನಡ ಈಗ ಸೊಗಸಾಗಿ ಬರುತ್ತದೆ, ಮಾತಾಡಿದರೂ ಬರೆದುಕೊಳ್ಳುತ್ತದೆ. ಆದರೆ ನಾನು ಮೂರು ಅಕ್ಷರ ಒತ್ತುವಷ್ಟರಲ್ಲಿ ನಾಲ್ಕನೆಯದನ್ನು ತಾನೇ ತಂದಿಡುತ್ತದೆ. 'ಹಾರ್ದಿಕ' ಎಂದರೆ 'ಶುಭಾಶಯಗಳು' ಸಿದ್ಧ. 'ಅಗಲಿದ' ಎಂದರೆ 'ಆತ್ಮಕ್ಕೆ' ಸಿದ್ಧ. ಅದು ಹೇಳಿದ ದಾರಿಯಲ್ಲೇ ಹೋದರೆ ನಾನು ಹುಟ್ಟುಹಬ್ಬಕ್ಕೂ ಸಾವಿಗೂ ಮಾತ್ರ ಲೇಖಕನಾಗಬೇಕು. ಜತೆಗೆ ಅದು ಮಡಚುವುದಿಲ್ಲ. ಬರೆಯುವವನಿಗೆ ಟಪ್ಪೆಂದು ಮುಚ್ಚುವ ಮುಚ್ಚಳ ಬೇಕು. ಮುಚ್ಚಿದ ಮೇಲೆ ಯಾರೂ ಒಳಗಿಂದ ಕರೆಯಬಾರದು.

ಹಾಗಾದರೆ ಕೊಂಡುಬಿಡಿ ಎನ್ನುತ್ತೀರಿ. ನಾನೂ ಅಲ್ಲಿಗೇ ಬಂದಿದ್ದೆ. ಅಳಿಯ ಆ ಯಂತ್ರದಲ್ಲಿ ನನ್ನದೇ ಒಂದು ಹಳೆಯ ಲೇಖನ ತೆರೆದು, ಪಕ್ಕದಲ್ಲಿ ಒಂದು ಪೆನ್ನಿಟ್ಟು, ಫೋಟೊ ಕಳಿಸಿದ. ಕಾಗುಣಿತ, ಒತ್ತು, ಅರ್ಕಾವತ್ತು, ಎಲ್ಲ ಸ್ವಚ್ಛ. 'ಕೃಷ್ಣ' ಕೃಷ್ಣನಾಗಿಯೇ ಇದ್ದಾನೆ. ಕಣ್ಣು ತುಂಬಿತು ಎಂದುಕೊಂಡೆ. ಕಣ್ಣು ತುಂಬಿದ್ದಲ್ಲ, ಅಕ್ಷರವೇ ಕಾಣುತ್ತಿರಲಿಲ್ಲ. ಫೋಟೊವನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದ ಮೇಲೆ ಕೃಷ್ಣದರ್ಶನವಾಯಿತು. ಕಣ್ಣು ಚುರುಕಿದ್ದ ಕಾಲದಲ್ಲಿ ಆ ಪರದೆಗಳಿಗೆ ಕನ್ನಡ ಬರುತ್ತಿರಲಿಲ್ಲ. ಪರದೆಗೆ ಕನ್ನಡ ಬಂದ ಕಾಲಕ್ಕೆ ನನಗೆ ಪರದೆ ಕಾಣುತ್ತಿಲ್ಲ. ಅಕ್ಷರ ದೊಡ್ಡದು ಮಾಡಬಹುದು ಮಾವ ಎಂದ. ಮಾಡಿದರೆ ಮತ್ತೆ ಅದೇ ಈಪಿಸಿಯ ಕಿಂಡಿ, ಅದೇ ಓಡಿಹೋಗುವ ಕರ್ತೃಪದ.

ಇನ್ನು ಬೆರಳು. ಚಿಪ್ಪು ವರ್ಷ ವರ್ಷ ಕುಗ್ಗಿತು, ಬೆರಳು ಕುಗ್ಗಲಿಲ್ಲ. ದೊಡ್ಡ ಕೀಲಿಮಣೆಯಲ್ಲಿ ಒಂದು ಕೀಲಿಯ ನಡುವಿನಿಂದ ಮುಂದಿನದರ ನಡುವಿಗೆ 19 ಮಿಲಿಮೀಟರು. ಅದಕ್ಕಿಂತ ಇಕ್ಕಟ್ಟಾದರೆ ಬೆರಳು ಅಕ್ಕಪಕ್ಕದವರನ್ನೂ ಮಾತಾಡಿಸುತ್ತದೆ. ಐಬಿಎಂನವರು 1995ರಲ್ಲಿ, ಮುಚ್ಚಳ ತೆರೆದಾಗ ಎರಡು ತುಂಡಾಗಿ ಹೊರಗೆ ಚಾಚಿಕೊಳ್ಳುವ ಕೀಲಿಮಣೆ ಮಾಡಿದ್ದರು. ಅಷ್ಟು ಚೆಂದದ್ದನ್ನು ಮುಂದುವರಿಸದೆ ಬಿಟ್ಟರು. ನಾನು ಒತ್ತುವುದು ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸದಲ್ಲಿ. ಅದರಲ್ಲಿ ಮಹಾಪ್ರಾಣಕ್ಕೆಲ್ಲ ಶಿಫ್ಟ್ ಬೇಕು. ಪುಟಾಣಿ ಯಂತ್ರಗಳಲ್ಲಿ ಶಿಫ್ಟ್ ಕೀಲಿಯನ್ನು ಮೂಲೆಗೆ ಒತ್ತಿ ಚಿಕ್ಕದು ಮಾಡಿದರೆ ಮಹಾಪ್ರಾಣ ತಾನಾಗಿ ಉದುರಿ 'ಧರ್ಮ' 'ದರ್ಮ'ವಾಗುತ್ತದೆ. ಡಿ.ಎನ್. ಶಂಕರ ಭಟ್ಟರು ಕನ್ನಡಕ್ಕೆ ಮಹಾಪ್ರಾಣ ಬೇಡ ಎಂದು ಪುಸ್ತಕಗಳಲ್ಲಿ ವಾದಿಸಿ ಎಷ್ಟೋ ಜನರ ಸಿಟ್ಟು ಕಟ್ಟಿಕೊಂಡರು. ಚೀನಾದ ಕೀಲಿಮಣೆಯವರು ವಾದವೇ ಇಲ್ಲದೆ ಅದನ್ನು ಸಾಧಿಸಿಬಿಡುತ್ತಾರೆ. 'ಳ'ಕಾರಕ್ಕೂ ಶಿಫ್ಟೇ ಬೇಕು. ಮಲೆನಾಡಿನವನು 'ಮಳೆ' ಎಂದು ಬರೆಯಹೋದರೆ 'ಮಲೆ' ಬಂದು ನಿಂತರೆ ಹೇಗೆ? ನನ್ನ ಪುಸ್ತಕದ ಅರ್ಧ ಭಾಗ ಮಳೆ.

ಹೆಂಡತಿ ಇದನ್ನೆಲ್ಲ ಕೇಳಿ ಬೆಲೆ ಎಷ್ಟು ಎಂದಳು. ಹೇಳಿದೆ. ಡಾಲರಿನಲ್ಲಿ ಹೇಳಿದೆ, ಅದು ಸಣ್ಣದಾಗಿ ಕೇಳುತ್ತದೆ ಎಂದು. ಅವಳು ಬೇಳೆಗೆ ಒಗ್ಗರಣೆ ಹಾಕುತ್ತಲೇ ರೂಪಾಯಿಗೆ ತಿರುಗಿಸಿದಳು. ಯಾವ ಯಂತ್ರವೂ ಬೇಕಾಗಲಿಲ್ಲ.

"ಕಸ್ಟಮ್ಸಿನವರು ಹಿಡಿಯಲ್ವೇನ್ರೀ?"

"ಹದಿನೆಂಟು ತುಂಬಿದ ಪ್ರಯಾಣಿಕರಿಗೆ ಒಂದು ಲ್ಯಾಪ್‌ಟಾಪ್ ಸುಂಕ ಇಲ್ಲದೆ ತರೋಕೆ ಬಿಡ್ತಾರೆ."

"ಅವನದ್ದೇ ಒಂದು ಇರುತ್ತಲ್ಲ?"

ಇದನ್ನು ನಾನು ಯೋಚಿಸಿರಲಿಲ್ಲ. "ಇದು ಲ್ಯಾಪ್‌ಟಾಪ್ ಅಂತ ಯಾರೂ ಒಪ್ಪಲ್ಲ ಕಣೇ, ಅಷ್ಟು ಸಣ್ಣದು" ಎಂದೆ.

"ಅಷ್ಟು ದುಡ್ಡು ಕೊಟ್ಟು ಯಾರೂ ಒಪ್ಪದೇ ಇರೋದನ್ನ ತಗೋತೀರಾ?"

ಅವಳು ಬೇಡ ಎನ್ನಲಿಲ್ಲ ಎನ್ನುವುದನ್ನು ಗಮನಿಸಬೇಕು. ಬೇಡ ಎಂದಿದ್ದರೆ ನನಗೆ ಸಲೀಸಾಗಿತ್ತು. ಇಷ್ಟು ವರ್ಷ ರೈಲುಬಸ್ಸಿನ ಪುಸ್ತಕ ಬಾರದ್ದಕ್ಕೆ ಅಟಾರಿ, ಸಯಾನ್, ಸೋನಿ ಹೊಣೆಯಾಗಿದ್ದರು. ಜಪಾನು, ಇಂಗ್ಲೆಂಡು, ಅಮೆರಿಕದ ಇಂಜಿನಿಯರುಗಳೆಲ್ಲ ಸೇರಿ ಒಬ್ಬ ಕನ್ನಡ ಲೇಖಕನಿಗೆ ಮಾಡಿದ ಅನ್ಯಾಯ ಎಂದು ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಈ ಡಬ್ಬಿ ಮನೆಗೆ ಬಂದ ಮರುದಿನದಿಂದ ಅಷ್ಟೂ ಜನ ನಿರಪರಾಧಿಗಳು. ನೋಡಲಿಕ್ಕೆ ಅರ್ಧ ಕಿಲೋ ಇಲ್ಲ, ಆದರೆ ಜೇಬಿನಲ್ಲಿ ಹೊತ್ತು ತಿರುಗುವುದು ಸುಲಭವಲ್ಲ.

ಕೊಳ್ಳದಿದ್ದರೂ ಕಷ್ಟವೇ. ಮುಂದಿನ ವರ್ಷ ಇನ್ನೂ ಒಳ್ಳೆಯದು ಬರುತ್ತದೆ ಎಂದು ಗೆಳೆಯರೊಬ್ಬರು ಸಮಾಧಾನ ಹೇಳಿದರು. ಯಂತ್ರ ಒಳ್ಳೆಯದಾಗುವ ವೇಗಕ್ಕೂ ನನ್ನ ಕಣ್ಣು ಹಳತಾಗುವ ವೇಗಕ್ಕೂ ಲೆಕ್ಕ ಹಾಕಿ ನೋಡಿದೆ. ಕಣ್ಣೇ ಮುಂದಿದೆ.

ಗುರುವಾರ ರಾತ್ರಿ ಅಳಿಯನಿಗೆ 'ತಾ' ಎಂದು ಬರೆದು ಕಳಿಸಿದೆ. ಫೋನಿನಲ್ಲೇ. ಅದು 'ತಾ' ಆದಮೇಲೆ 'ತಾಯಿಯ ಆಶೀರ್ವಾದ' ಎಂದು ಸೇರಿಸಲು ನೋಡಿತು, ತಡೆದೆ. ಒಂದು ನಿಮಿಷದಲ್ಲಿ ಉತ್ತರ ಬಂತು: "ಸರಿ ಮಾವ. ಅತ್ತೆಗೆ ಏನಾದ್ರೂ ಬೇಕಾ ಕೇಳಿ." ಅವಳನ್ನು ಕೇಳಿದೆ. ಅವಳು ಸೊಳ್ಳೆಪರದೆ ಬಿಚ್ಚುತ್ತಿದ್ದಳು.

"ನನಗೇನೂ ಬೇಡ. ಆ ಡಬ್ಬಿ ಬಂದ ಮೇಲೆ ನಿಮ್ಮ ಪುಸ್ತಕ ಶುರು ಮಾಡೋಕೆ ಮುಂಚೆ ಅದರಲ್ಲಿ ಹಾಲಿನ ಲೆಕ್ಕ ಬರೀರಿ. ಹೋದ ತಿಂಗಳೂ ಹಾಲಿನವನು ಎರಡು ಲೀಟರ್ ಜಾಸ್ತಿ ಹೇಳಿದ."